ಬೇರು ನೀರನ್ನು ಹುಡುಕಿಕೊಂಡು ಹೋಗುತ್ತದಾ?

ಪ್ರಶ್ನೆ: ಪಾಂಡವಪುರದ ಹತ್ತಿರ ನಮ್ಮದು ನಾಲೆ ಬಯಲಿನ ಕಬ್ಬು. ಮೈಸೂರಿನಲ್ಲಿ ಎಂ.ಎಸ್ಸಿ ಓದುತ್ತಿದ್ದೇನೆ. ಬೇರು ಹೇಗೆ ಬೆಳೆಯುತ್ತದೆ ಎಂದು ತೋರಿಸುವ ಕಂಪ್ಯೂಟರ್ ಮಾಡೆಲ್ ಬರೆಯುತ್ತಿದ್ದೇನೆ. ‘ಬೇರಿನ ತುದಿ ನೀರಿನ ಕಡೆ ತಿರುಗಬೇಕು’ ಎಂಬ ನಿಯಮ ಹಾಕಿದೆ. ಈಗ ಬೇರುಗಳೆಲ್ಲ ಕೊಕ್ಕೆಯಂತೆ ಬಾಗಿ ಒದ್ದೆ ಮೇಲ್ಮಣ್ಣಿಗೇ ವಾಪಸ್ ಬರುತ್ತಿವೆ. ಹೊಲದಲ್ಲಿ ಹೀಗಾಗಲ್ಲ. ಎಲ್ಲಿ ಎಡವಿದೆ?

ಉತ್ತರ: ನಿಯಮ ಸುಳ್ಳಲ್ಲ, ಅದಕ್ಕೆ ಕೊಟ್ಟ ತೂಕ ಜಾಸ್ತಿಯಾಗಿದೆ.

ಬೇರು ತೇವದ ಕಡೆ ತಿರುಗುವುದನ್ನು ಜರ್ಮನಿಯ ಸಸ್ಯವಿಜ್ಞಾನಿ ಯೂಲಿಯಸ್ ಸಾಕ್ಸ್ 1872ರಲ್ಲೇ ತೋರಿಸಿದ್ದರು. ಓರೆಯಾಗಿ ತೂಗುಹಾಕಿದ ಜರಡಿಗೆ ಒದ್ದೆ ಮರದ ಹೊಟ್ಟು ತುಂಬಿ ಕಾಳು ಬಿತ್ತಿದರು. ಬೇರುಗಳು ತೂತಿನಿಂದ ಕೆಳಗಿಳಿದವು, ಆಮೇಲೆ ತಿರುಗಿ ಒದ್ದೆ ಜರಡಿಗೇ ಅಂಟಿಕೊಂಡವು. ಆದರೆ ಅಲ್ಲಿ ಒಂದು ಮಗ್ಗುಲಿಗೆ ಒದ್ದೆ ಹೊಟ್ಟು, ಇನ್ನೊಂದು ಮಗ್ಗುಲಿಗೆ ಒಣ ಗಾಳಿ. ಹೊಲದಲ್ಲಿ ತೇವ ಹಾಗೆ ಥಟ್ಟನೆ ಬದಲಾಗುವುದಿಲ್ಲ, ಗೇಣುಗಟ್ಟಲೆ ದೂರದಲ್ಲಿ ನಿಧಾನಕ್ಕೆ ಬದಲಾಗುತ್ತದೆ. ಸಣ್ಣ ತುದಿಗೆ ತನ್ನ ಎರಡು ಮಗ್ಗುಲ ವ್ಯತ್ಯಾಸವಷ್ಟೇ ತಿಳಿಯುವುದು. ಹಾಗಾಗಿ ಅಲ್ಲಿ ಹೆಚ್ಚಾಗಿ ಭೂಮಿಯ ಸೆಳೆತವೇ ಗೆಲ್ಲುತ್ತದೆ.

ಹಾಗಾದರೆ ತೇವ ಇರುವ ಕಡೆ ಬೇರು ದಟ್ಟವಾಗಿರುವುದೇಕೆ? ನನಗೆ ತುಂಬಾ ಇಷ್ಟವಾದ ಭಾಗ ಇದು. ಗಿಡ ಹಲವು ದಿಕ್ಕಿಗೆ ತುದಿಗಳನ್ನು ಕಳಿಸುತ್ತದೆ. ತೇವ ಸಿಕ್ಕಿದ್ದು ಬೇಗ ಉದ್ದವಾಗಿ ಕವಲೊಡೆಯುತ್ತದೆ. ಒಣಗಿದ ಕಡೆ ಸಿಕ್ಕಿಕೊಂಡದ್ದು ನಿಧಾನವಾಗುತ್ತದೆ. ನಮ್ಮ ಕೆಂಪು ಮಣ್ಣು ಒಣಗಿದರೆ ಕಲ್ಲಿನಂತಾಗುತ್ತದೆ ಅಲ್ವಾ? ಮಣ್ಣಿನ ಬಿಗಿ ಸುಮಾರು 2 ಮೆಗಾಪ್ಯಾಸ್ಕಲ್ (ಒತ್ತಡದ ಅಳತೆ) ದಾಟಿದರೆ ಹೆಚ್ಚಿನ ಬೆಳೆಗಳ ಬೇರು ನುಗ್ಗಲು ಒದ್ದಾಡುತ್ತದೆ. ಇನ್ನೊಂದು ಸಂಗತಿ 2014ರಲ್ಲಿ ಪ್ರಕಟವಾಯಿತು: ಒಂದೇ ಬೇರಿನಲ್ಲಿ ನೀರು ತಾಗಿದ ಮಗ್ಗುಲಿಗೆ ಕವಲು ಮೂಡುತ್ತವೆ, ಗಾಳಿ ತಾಗಿದ ಮಗ್ಗುಲಿಗೆ ಮೂಡುವುದು ಅಪರೂಪ. ಅಂದರೆ ಮಾಡೆಲ್‌ನಲ್ಲಿ ನೀರಿನ ಪ್ರಭಾವವನ್ನು ದಿಕ್ಕಿಗಿಂತ ಬೆಳೆಯುವ ವೇಗಕ್ಕೆ ಮತ್ತು ಕವಲಿಗೆ ಜೋಡಿಸಿ.

ನೀರಿನ ನಕ್ಷೆಯನ್ನು ಒಂದೇ ಸಲ ಹಾಕಿ ಸುಮ್ನೆ ಬಿಟ್ಟಿದ್ದೀರಾ ಅಂತಲೂ ನೋಡಿ. ಬೇರು ಕುಡಿದಂತೆ ಆ ಜಾಗ ಒಣಗಬೇಕು. ಪಕ್ಕದಿಂದ ನೀರು ಜಿನುಗಿ ಬರಬೇಕು. ಮಣ್ಣಿನಲ್ಲಿ ನೀರು ಹೀಗೆ ಸರಿಯುವ ಲೆಕ್ಕಕ್ಕೆ 1931ರ ರಿಚರ್ಡ್ಸ್ ಸಮೀಕರಣ ಇದೆ. ಕುಡಿಯುವ ಲೆಕ್ಕಕ್ಕೆ 1978ರ ಫೆಡ್ಡೆಸ್ ರೇಖೆ ಬಳಸಿ. ತೀರಾ ಒಣಗಿದರೂ ಬೇರು ಕಡಿಮೆ ಕುಡಿಯುತ್ತದೆ, ನೀರು ನಿಂತು ಗಾಳಿ ಇಲ್ಲದಿದ್ದರೂ ಕಡಿಮೆ ಕುಡಿಯುತ್ತದೆ. ಆ ರೇಖೆ ಎರಡನ್ನೂ ಹಿಡಿಯುತ್ತದೆ.

ನಾಲೆಯಲ್ಲಿ ದಿನವೂ ನೀರು ಬರುವ ಹಾಗೆ ಲೆಕ್ಕ ಹಾಕಬೇಡಿ. ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಬಂದ ದಿನ, ಬಾರದ ದಿನ ಎರಡನ್ನೂ ಅಪ್ಪನಿಂದ ಕೇಳಿ ಬರೆದುಕೊಳ್ಳಿ. ನಾಲೆಯಲ್ಲಿ ನೀರು ಬಾರದ ದಿನಗಳಲ್ಲಿ ಮೇಲ್ಮಣ್ಣು ಮೊದಲು ಒಣಗುತ್ತದೆ, ಆಗ ಆಳದ ತುದಿಗಳು ಮುಂದೆ ಹೋಗುತ್ತವೆ.

ಕಬ್ಬಿಗೆ ಮುಂಚೆ ಅಲ್ಲಿ ಭತ್ತ ಇತ್ತೇ? ಕೆಸರು ಮಾಡಿ ಉಳುತ್ತಿದ್ದ ಗದ್ದೆಯಲ್ಲಿ ನೇಗಿಲಿನ ಆಳದ ಕೆಳಗೆ ಗಟ್ಟಿ ಪದರ ಕೂತಿರುತ್ತದೆ. ಕಬ್ಬಿನ ಸಾಲಿನ ಪಕ್ಕ ಮೊಣಕಾಲುದ್ದ ಗುಂಡಿ ತೋಡಿ, ಗೋಡೆಯಲ್ಲಿ ಗೇಣಿಗೊಂದರಂತೆ ಬೇರು ಎಣಿಸಿ. ನೀರು ಬಿಡುವ ಹಿಂದಿನ ದಿನ ಒಮ್ಮೆ, ವಾರ ಬಿಟ್ಟು ಇನ್ನೊಂದು ಕಡೆ ಒಮ್ಮೆ. ಆ ಎಣಿಕೆಗೆ ನಿಮ್ಮ ಮಾಡೆಲ್ ಹೊಂದುತ್ತದಾ ನೋಡಿ, ಆಮೇಲೆ ತೂಕ ತಿದ್ದಿ.