ಬಂದದ್ದು 100, ಬರೆದದ್ದು 96

ಪ್ರಶ್ನೆ: ನಾನು ಕೋಲಾರದ ಟೊಮೆಟೊ ಮಂಡಿಯೊಂದರಲ್ಲಿ ಏಳು ವರ್ಷದಿಂದ ರೈಟರ್. ರೈತರು ತಂದ ಬಾಕ್ಸ್ ಎಣಿಸಿ ಚೀಟಿ ಬರೆಯುವುದು ನನ್ನ ಕೆಲಸ. ನೂರು ಬಂದರೆ ತೊಂಬತ್ತಾರು ಬರೆಯಬೇಕು ಅಂತ ಸಾಹುಕಾರರ ಕಟ್ಟಪ್ಪಣೆ. ಉಳಿದ ನಾಲ್ಕಕ್ಕೆ ‘ಡ್ಯಾಮೇಜು’ ಅಂತ ಹೆಸರು, ಮಾಲು ಎಷ್ಟೇ ಚೆನ್ನಾಗಿರಲಿ. ಸಾಲ ಕೊಟ್ಟವರು ಫೋನ್ ಮಾಡಿದರೆ ‘ಸಾಹುಕಾರ್ರು ಊರಲ್ಲಿಲ್ಲ’ ಅನ್ನಬೇಕು, ಅವರು ಎದುರಿಗೇ ಕೂತು ಕಾಫಿ ಕುಡಿಯುತ್ತಿರುತ್ತಾರೆ. ಚರ್ಚಿನಲ್ಲಿ ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವ ಪಾಪಸಂಕೀರ್ತನೆಗೆ ಹೋದಾಗೆಲ್ಲ ‘ಸುಳ್ಳು ಹೇಳಿದೆ ಸ್ವಾಮಿ’ ಅನ್ನುತ್ತೇನೆ. ಸೋಮವಾರ ಮತ್ತೆ ಅದೇ ಚೀಟಿ. ಮನೆ ಸಾಲ, ಇಬ್ಬರು ಮಕ್ಕಳ ಫೀಸು ಎಲ್ಲ ಇದೆ. ಬರೆಸುವವರು ಅವರು, ಬರೆಯುವವನು ನಾನು. ಪಾಪ ಯಾರಿಗೆ?

ಉತ್ತರ: ಫೋನಿನ ವಿಷಯ ಚಿಕ್ಕದು, ಅದನ್ನು ಆಮೇಲೆ ನೋಡೋಣ. ಚೀಟಿ ಮೊದಲು.

ನೀವು ಎರಡನ್ನೂ ‘ಸುಳ್ಳು’ ಅನ್ನುವ ಒಂದೇ ಮೂಟೆಯಲ್ಲಿ ಕಟ್ಟಿಟ್ಟಿದ್ದೀರಿ. ದೇವರ ಹತ್ತು ಆಜ್ಞೆಗಳಲ್ಲಿ ಸುಳ್ಳುಸಾಕ್ಷಿ ಹೇಳಬೇಡ ಎನ್ನುವುದು ನಮ್ಮ ಕಥೋಲಿಕರ ಎಣಿಕೆಯಲ್ಲಿ ಎಂಟನೆಯದು (ಪ್ರಾಟೆಸ್ಟೆಂಟ್ ಸಭೆಯಾದ ಸಿ.ಎಸ್.ಐ.ನ ಗೆಳೆಯರಿಗೆ ಅದು ಒಂಬತ್ತನೆಯದು, ಆ ಜಗಳ ಇಲ್ಲಿ ಬೇಡ). ಆದರೆ ನಿಮ್ಮ ಚೀಟಿ ತಾಗುವುದು ಏಳನೇ ಆಜ್ಞೆಗೆ: ಕದಿಯಬೇಡ. ರೈತನ ನಾಲ್ಕು ಬಾಕ್ಸ್ ಹೋಗಿದೆ, ಯಾರದೋ ಜೇಬಿಗೆ ಸೇರಿದೆ. ಅದನ್ನು ‘ಸುಳ್ಳು ಹೇಳಿದೆ’ ಅಂತ ನಿವೇದಿಸುವುದು, ಕಾಲು ಮುರಿದುಕೊಂಡು ಡಾಕ್ಟರ ಹತ್ತಿರ ‘ಸ್ವಲ್ಪ ನೋವು’ ಅಂದ ಹಾಗೆ. ಆ ಕಡೆ ಕೂತ ಸ್ವಾಮಿಗಳಿಗೆ ಏನು ಅರ್ಥವಾಗಬೇಕು? ಅವರು ನಿಮಗೆ ಪ್ರಾಯಶ್ಚಿತ್ತಕ್ಕೆ ಮೂರು ‘ನಮೋ ಮರಿಯ’ ಜಪ ಹೇಳಿ ಕಳಿಸಿರುತ್ತಾರೆ.

ನಾನೇ ಸಂಕೀರ್ತನೆಯಲ್ಲಿ ಕೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ, ಆ ಗುಟ್ಟಿನ ಮುದ್ರೆ ಒಡೆಯಲಿಕ್ಕೆ ಯಾವ ಗುರುವಿಗೂ ಅಧಿಕಾರವಿಲ್ಲ. ಕಣ್ಣಾರೆ ಕಂಡದ್ದನ್ನು ಬರೆಯಬಹುದು. ಒಂದು ಬೆಳಗ್ಗೆ ಮಂಡಿಯಲ್ಲಿ ಪರಿಚಯದವರಿಗಾಗಿ ಕಾಯುತ್ತ ನಿಂತಿದ್ದೆ. ಮುಳಬಾಗಿಲು ಕಡೆಯ ರೈತರೊಬ್ಬರು ಖಾಲಿ ಕ್ರೇಟು ಬೋರಲು ಹಾಕಿ ಕೂತಿದ್ದರು. ಹರಾಜು ಮುಗಿಯಿತು, ಚೀಟಿ ಬಂತು. ಅವರು ಚೀಟಿ ನೋಡಿದರು, ಎಡಗೈ ಬಿಚ್ಚಿ ಅಂಗೈ ನೋಡಿದರು. ಅಂಗೈ ಮೇಲೆ ಬಾಲ್‌ಪೆನ್ನಿನಲ್ಲಿ 72 ಅಂತಿತ್ತು, ಬೆವರಿಗೆ ಸ್ವಲ್ಪ ಹರಡಿತ್ತು. ಚೀಟಿಯಲ್ಲಿ 69. ಮತ್ತೊಮ್ಮೆ ಎರಡನ್ನೂ ನೋಡಿ, ಚೀಟಿ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಟೀ ಅಂಗಡಿ ಕಡೆ ನಡೆದರು. ಒಂದು ಮಾತಿಲ್ಲ. ಬೀಜಕ್ಕೆ, ಗೊಬ್ಬರಕ್ಕೆ ಅದೇ ಮಂಡಿಯಲ್ಲಿ ಮುಂಗಡ ತಂದವರು ಏನು ಮಾತಾಡುತ್ತಾರೆ?

ಪಾಪ ಯಾರಿಗೆ ಅಂತ ಕೇಳಿದ್ದೀರಿ. ಇಬ್ಬರಿಗೂ, ಆದರೆ ಸಮಪಾಲಲ್ಲ. ಬೇರೆಯವರು ಮಾಡುವ ಪಾಪಕ್ಕೆ ನಾವು ನೇರವಾಗಿ, ತಿಳಿದೂ ತಿಳಿದೂ ಕೈಜೋಡಿಸಿದರೆ ಹೊಣೆ ನಮ್ಮದೂ ಹೌದು ಎಂದು ಧರ್ಮಸಭೆಯ ಅಧಿಕೃತ ಬೋಧನೆಯ ಪುಸ್ತಕವಾದ ಧರ್ಮೋಪದೇಶ (ಕಂಡಿಕೆ 1868) ಹೇಳುತ್ತದೆ. ನೀವು ಬಾಗಿಲು ಕಾಯುವವರೋ ಲಾರಿಗೆ ಲೋಡು ಎತ್ತುವವರೋ ಆಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಆದರೆ ಕಳ್ಳತನ ನಡೆಯುವುದೇ ಆ ಅಂಕಿಯಲ್ಲಿ, ಆ ಅಂಕಿ ಬರೆಯುವ ಕೈ ನಿಮ್ಮದು. ಕೆಲಸ ಹೋದೀತು ಅನ್ನುವ ಭಯ ನಿಮ್ಮ ಹೊಣೆಯನ್ನು ಹಗುರ ಮಾಡುತ್ತದೆ, ಅದನ್ನೂ ಧರ್ಮಸಭೆ ಒಪ್ಪುತ್ತದೆ. ಏಳು ವರ್ಷ ಒಂದೇ ಸಮ ಹಗುರ ಮಾಡುತ್ತಲೇ ಇರುತ್ತದೆ ಅಂತ ಮಾತ್ರ ನಾನು ಹೇಳಲಾರೆ.

ನಾಳೆಯೇ ರಾಜೀನಾಮೆ ಬಿಸಾಕಿ ಬನ್ನಿ ಅನ್ನುವುದಿಲ್ಲ. ಮಕ್ಕಳ ಫೀಸು ನಾನು ಕಟ್ಟುವುದಿಲ್ಲವಲ್ಲ. ಒಂದು ಕೆಲಸ ಮಾಡಿ: ಸಾಹುಕಾರರು ಒಬ್ಬರೇ ಇದ್ದಾಗ, ಹರಾಜಿನ ಗಲಾಟೆ ಮುಗಿದ ಮೇಲೆ, ‘ಇನ್ನು ಮೇಲೆ ಬಂದದ್ದು 100, ಕಳೆದದ್ದು 4 ಅಂತ ಎರಡನ್ನೂ ಬರೀತೀನಿ’ ಎಂದು ಹೇಳಿ. ಕಳೆಯುವುದು ಸರಿಯೋ ತಪ್ಪೋ ಎಂಬ ಜಗಳ ಆಗ ರೈತನ ಕಣ್ಣೆದುರಿಗೆ ಬರುತ್ತದೆ. ಅವನು ಕೇಳಬಹುದು, ಚೌಕಾಸಿ ಮಾಡಬಹುದು, ಬೇರೆ ಮಂಡಿಗೆ ಹೋಗಬಹುದು. ಸಾಹುಕಾರರು ಒಪ್ಪಿದರೆ ನಿಮ್ಮ ಕೈ ಸ್ವಚ್ಛ. ಒಪ್ಪದಿದ್ದರೆ ಬೇರೆ ಕೆಲಸ ಹುಡುಕಲು ಶುರುಮಾಡಿ, ಅದಕ್ಕೊಂದು ಗಡುವು ಹಾಕಿಕೊಳ್ಳಿ. ‘ಆದಾಗ ಆಗಲಿ’ ಅಂದರೆ ಎಂಟನೇ ವರ್ಷ ಬಂದುಬಿಡುತ್ತದೆ.

ಇನ್ನು ಹಿಂದಿರುಗಿಸುವ ವಿಷಯ. ನೀವು ಕೇಳಿಲ್ಲ, ಆದರೂ ಬಿಡುವಂತಿಲ್ಲ. ಕದ್ದದ್ದನ್ನು ಒಡೆಯನಿಗೆ ಮರಳಿಸಬೇಕು, ಅದರಲ್ಲಿ ಪಾಲು ಪಡೆದವರು ತಮ್ಮ ಹೊಣೆಗೆ, ತಮ್ಮ ಪಾಲಿಗೆ ತಕ್ಕಷ್ಟು ಕೊಡಬೇಕು ಅನ್ನುತ್ತದೆ ಅದೇ ಧರ್ಮೋಪದೇಶದ 2412ನೇ ಕಂಡಿಕೆ. ನಿಮ್ಮ ಸಂಬಳ ದುಡಿಮೆಯದು, ಅದು ಕದ್ದದ್ದಲ್ಲ. ಆದರೆ ಸೀಸನ್ ಮುಗಿದ ಮೇಲೆ ‘ಇಟ್ಕೋ’ ಅಂತ ಕವರ್ ಕೊಟ್ಟಿದ್ದರೆ, ಅದರಲ್ಲಿ ಆ ನಾಲ್ಕು ಬಾಕ್ಸಿನ ವಾಸನೆ ಇದೆಯಾ ನೋಡಿಕೊಳ್ಳಿ. 2023ರ ಜುಲೈ ನೆನಪಿದೆಯಲ್ಲ? ಕೋಲಾರದಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿತ್ತು. ಆ ತಿಂಗಳ ನಾಲ್ಕು ಬಾಕ್ಸು ಅಂದರೆ 8,000ಕ್ಕೂ ಮೇಲೆ, ಒಂದೇ ಚೀಟಿಯಲ್ಲಿ.

‘ವೇಳಾಂಕಣ್ಣಿಗೆ ಹೋಗಿ ಹುಂಡಿಗೆ ಹಾಕಿ ಬಂದರೆ ಆಗೋದಿಲ್ವಾ ಸ್ವಾಮಿ?’ ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ. ಆಗುವುದಿಲ್ಲ. ಮಾತೆಯ ಹುಂಡಿಗೂ ಮುಳಬಾಗಿಲಿನ ರೈತನ ಜೇಬಿಗೂ ಏನು ಸಂಬಂಧ? ಲೂಕನ ಶುಭಸಂದೇಶದ 19ನೇ ಅಧ್ಯಾಯದಲ್ಲಿ ಜಕ್ಕಾಯನ ಮಾತನ್ನು ನಿಧಾನವಾಗಿ ಓದಿ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಆಯಾ ಜನಕ್ಕೆ. ಸುಂಕದವನು, ಲೆಕ್ಕ ಗೊತ್ತಿದ್ದವನು. ದಾನದ ಖಾತೆ ಬೇರೆ, ಬಾಕಿಯ ಖಾತೆ ಬೇರೆ ಇಟ್ಟ. ಮಾಡಿದ ವಂಚನೆಯನ್ನು ತಾನೇ ಒಪ್ಪಿಕೊಂಡವನು ಅಸಲಿನ ಜೊತೆ ಐದನೇ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕೆಂದು ಮೋಶೆಯ ಧರ್ಮಶಾಸ್ತ್ರದಲ್ಲಿತ್ತು (ಸಂಖ್ಯಾಕಾಂಡ 5). ನಾಲ್ಕರಷ್ಟು ಎಂಬುದು ಕುರಿ ಕದ್ದು ಕೊಂದವನಿಗೋ ಮಾರಿದವನಿಗೋ ಹಾಕುವ ದಂಡ. ಜಕ್ಕಾಯ ಕುರಿಗಳ್ಳನ ದಂಡವನ್ನು ತಾನಾಗಿ ತಲೆಮೇಲೆ ಹಾಕಿಕೊಂಡ.

ನಿಮ್ಮಿಂದ ನಾಲ್ಕರಷ್ಟು ಯಾರೂ ಕೇಳುತ್ತಿಲ್ಲ. ಗುರುತಿನ ರೈತರಿದ್ದರೆ ಅವರಿಗೆ ಸ್ವಲ್ಪಸ್ವಲ್ಪವಾಗಿ ತಲುಪಿಸಿ. ಹೆಸರು ಹೇಳಿಕೊಂಡು ಕೊಡಲೇಬೇಕೆಂದಿಲ್ಲ, ಗುರುಗಳ ಮೂಲಕವೂ ಗುಟ್ಟಾಗಿ ಕಳಿಸಬಹುದು. ಯಾರು ಏನು ಎಂದು ಪತ್ತೆ ಹಚ್ಚಲಾಗದ ದುಡ್ಡಿದ್ದರೆ, ಅದು ಮಾತ್ರ ಬಡವರಿಗೆ.

ಫೋನು: ‘ಊರಲ್ಲಿಲ್ಲ’ ಅನ್ನಬೇಡಿ, ‘ಈಗ ಮಾತಾಡಕ್ಕೆ ಆಗಲ್ಲವಂತೆ’ ಅನ್ನಿ. ಸಾಲದವರಿಗೂ ಅರ್ಥವಾಗುತ್ತದೆ, ಸಾಹುಕಾರರಿಗೂ ಅಭ್ಯಾಸವಾಗುತ್ತದೆ.

ಪ್ರಶ್ನೆ: ನಮ್ಮದು ಚಿಕ್ಕಬಳ್ಳಾಪುರ. ಮಗನಿಗೆ ಹೆಣ್ಣು ನೋಡುತ್ತಿದ್ದೇವೆ. ಅವನಿಗೆ ಚಿಕ್ಕಂದಿನಿಂದ ಮೂರ್ಛೆ ರೋಗ, ದಿನಾ ಮಾತ್ರೆ ತಗೊಳ್ತಾನೆ, ಆರು ವರ್ಷದಿಂದ ಒಮ್ಮೆಯೂ ಬಂದಿಲ್ಲ. ‘ಹೇಳಿದರೆ ಯಾರೂ ಹೆಣ್ಣು ಕೊಡಲ್ಲ, ಸುಮ್ನಿರಿ’ ಅಂತ ನೆಂಟರು. ಸುಮ್ಮನಿರುವುದು ಸುಳ್ಳಾಗುತ್ತದೆಯೇ?

ಉತ್ತರ: ಯಾರ ಮುಂದೆ ಸುಮ್ಮನಿರುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ತಿಳಿಯುವ ಹಕ್ಕಿಲ್ಲದವರಿಗೆ ಸತ್ಯ ಬಿಚ್ಚಿಡಬೇಕಾದ ಕಟ್ಟುಪಾಡು ಯಾರಿಗೂ ಇಲ್ಲ ಎಂದು ಧರ್ಮೋಪದೇಶವೇ (2489) ಹೇಳುತ್ತದೆ. ಬ್ರೋಕರಿಗೆ, ದೂರದ ಚಿಕ್ಕಪ್ಪನಿಗೆ, ಬಲಿಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ‘ಹುಡುಗನಿಗೆ ಏನೋ ಇದೆಯಂತೆ’ ಅಂತ ಕೆದಕುವವರಿಗೆ ಒಂದಕ್ಷರವೂ ಹೇಳಬೇಕಿಲ್ಲ. ಆದರೆ ಜೀವನವಿಡೀ ಜೊತೆಗಿರುವ ಹುಡುಗಿಗೆ ಆ ಹಕ್ಕು ಪೂರ್ತಿಯಾಗಿದೆ.

ಇದು ಬರೀ ನೀತಿಯ ಮಾತಲ್ಲ. ದಾಂಪತ್ಯವನ್ನು ಗಂಭೀರವಾಗಿ ಕದಡಬಲ್ಲ ಸಂಗತಿಯನ್ನು, ಒಪ್ಪಿಗೆ ಗಿಟ್ಟಿಸಲೆಂದೇ ಮೋಸದಿಂದ ಮುಚ್ಚಿಟ್ಟು ಮಾಡಿದ ಮದುವೆ ಸಿಂಧುವಲ್ಲ ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1098ನೇ ನಿಯಮ ಹೇಳುತ್ತದೆ. ಹತೋಟಿಯಲ್ಲಿರುವ ಮೂರ್ಛೆ ರೋಗ ಅಷ್ಟು ಗಂಭೀರವೋ ಅಲ್ಲವೋ ಎಂದು ಧರ್ಮಸಭೆಯ ನ್ಯಾಯಮಂಡಳಿಯ ಮುಂದೆ ವಾದ ಮಾಡುವ ಗತಿ ನಿಮ್ಮ ಮಗನಿಗೆ ಯಾಕೆ? ಮದುವೆ ಪ್ರಕಟಣೆ ದೇವಾಲಯದಲ್ಲಿ ಓದುವ ಮೊದಲು ಅಲ್ಲ, ನಿಶ್ಚಿತಾರ್ಥಕ್ಕೂ ಮೊದಲೇ ಹೇಳಿ. ಅದೂ ನೀವಲ್ಲ, ಅವನೇ ಹೇಳಲಿ, ಮಾತ್ರೆಯ ಚೀಟಿ ಕೈಯಲ್ಲಿ ಹಿಡಿದು.

ತಲೆತಗ್ಗಿಸುವ ಕಾಯಿಲೆಯೇನೂ ಇದಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲೂ ವಿಶೇಷ ವಿವಾಹ ಕಾಯ್ದೆಯಲ್ಲೂ ಮೂರ್ಛೆ ರೋಗ ಮದುವೆಗೆ ಅಡ್ಡಿ ಎಂದಿದ್ದ ಮಾತನ್ನು ಸಂಸತ್ತು 1999ರಲ್ಲೇ ಕಿತ್ತುಹಾಕಿತು. ನೆಂಟರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ, ಅಷ್ಟೆ.

ಪ್ರಶ್ನೆ: ಅತ್ತೆ ಮಾಡುವ ಮುದ್ದೆಯಲ್ಲಿ ದಿನಾ ಗಂಟು. ‘ಹೇಗಿದೆ?’ ಅಂತಾರೆ. ‘ಚೆನ್ನಾಗಿದೆ’ ಅನ್ನುತ್ತೇನೆ. ಪಾಪವೇ? (ಬಂಗಾರಪೇಟೆಯ ಸೊಸೆ)

ಉತ್ತರ: ಸಂತ ಅಗಸ್ಟೀನರನ್ನು ಕೇಳಿದರೆ, ಸುಳ್ಳು ಸುಳ್ಳೇ. ಸುಳ್ಳಿನ ಮೇಲೆ ಎರಡು ಗ್ರಂಥ ಬರೆದು, ಅದರಲ್ಲಿ ಎಂಟು ಬಗೆ ಎಣಿಸಿದವರು ಅವರು, ಒಂದನ್ನೂ ಒಪ್ಪಲಿಲ್ಲ. ಸಂತ ತೋಮಾಸ್ ಅಕ್ವಿನಾಸರು ಸ್ವಲ್ಪ ಮೆತ್ತಗೆ: ಯಾರಿಗೂ ಕೆಡುಕಾಗದ ಇಂಥ ಸುಳ್ಳು ಮಾರಕ ಪಾಪವಲ್ಲ, ಲಘು ಪಾಪ. ಇಬ್ಬರೂ ರಾಗಿಮುದ್ದೆ ಉಂಡವರಲ್ಲ, ಆ ಮಾತು ಬೇರೆ. ಬಸ್ಸಾರು ನಿಜವಾಗಿ ಚೆನ್ನಾಗಿದ್ದರೆ ಅದನ್ನು ಬಾಯ್ತುಂಬ ಹೊಗಳಿ. ನಾಳೆ ಒಲೆ ಮುಂದೆ ‘ಕೋಲು ನಾನು ಹಿಡಿತೀನಿ, ನೀವು ಹಿಟ್ಟು ಹಾಕಿ ಅತ್ತೆ’ ಅನ್ನಿ.