ಹಿಯರಿಂಗ್‌ನಲ್ಲಿ ಜೊತೆ ಕೂರುವವರಿಗೆ

ಅಕ್ಕ, ಟೊಮೆಟೊ ಸಸಿಯ ಮಾತಿನ ನಡುವೆ ನೀವು ಕೇಳಿದ್ದು ನೋಡಿದೆ. ಅಮೆರಿಕದ ಸೈನ್ಯದಲ್ಲಿದ್ದು ಇರಾಕ್ ಯುದ್ಧದಿಂದ ಬಂದ ಮೈದುನನಿಗೆ ಪಿಟಿಎಸ್‌ಡಿ (ಯುದ್ಧದಂಥ ಆಘಾತದಿಂದ ಮನಸ್ಸಿಗೆ ಬರುವ ಕಾಯಿಲೆ), ಅದರ ಪರಿಹಾರಕ್ಕಾಗಿ ವೆಟರನ್ಸ್ ಅಪೀಲ್ ಬೋರ್ಡ್, ಅಂದರೆ ಮಾಜಿ ಸೈನಿಕರ ಮೇಲ್ಮನವಿ ಕೇಳುವ ಮಂಡಳಿ, ಅದರ ಮುಂದೆ ಹಿಯರಿಂಗ್ (ವಿಚಾರಣೆ), ಜೊತೆಗೆ ಕೂರಲೋ ಬೇಡವೋ ಅಂತ. ಕೂತ್ಕೊಳ್ಳಿ. ನನ್ನ ತಮ್ಮನ ಜೊತೆ ನಾನೂ ಕೂತಿದ್ದೆ.

ಅದು ಸಿನಿಮಾದ ಕೋರ್ಟ್ ಅಲ್ಲ. ಎದುರು ವಾದಿಸುವ ಲಾಯರ್ ಇರುವುದಿಲ್ಲ. ಜಡ್ಜ್ ಪ್ರಮಾಣ ಮಾಡಿಸಿ ಮಾತಾಡಿಸುತ್ತಾರೆ, ಎಲ್ಲವೂ ರೆಕಾರ್ಡ್ ಆಗುತ್ತದೆ. ಮನೆಯಿಂದಲೇ ವೀಡಿಯೊದಲ್ಲೂ ಮಾಡಬಹುದು. ತಮ್ಮನಿಗೆ ಅದೇ ಒಗ್ಗಿತು. ಬಾಗಿಲು ಕಾಣುವ ಹಾಗೆ ತನ್ನ ಕುರ್ಚಿ ಹಾಕಿಕೊಂಡ.

ತೊಂದರೆ ಬರುವುದು ಬೇರೆ ಕಡೆ. ನಿದ್ದೆ ಹೇಗಿದೆ ಅಂತ ಜಡ್ಜ್ ಕೇಳಿದರೆ ನಮ್ಮವನು "ಪರವಾಗಿಲ್ಲ ಸರ್" ಅಂದುಬಿಟ್ಟ! ರಾತ್ರಿ ಮೂರು ಸಲ ಎದ್ದು ಬೀಗ ಅಲ್ಲಾಡಿಸಿ ನೋಡುವವನು ಅವನೇ. ಸಾಕ್ಷಿಯಾಗಿ ಅದನ್ನು ನಾನು ಹೇಳಬೇಕಾಯಿತು. ನೀವು ಬೇಕಾಗುವುದು ಇಲ್ಲೇ. ಕಾಯಿಲೆ ಎಷ್ಟು ತೀವ್ರ ಅನ್ನುವುದಕ್ಕೆ ಪಿಟಿಎಸ್‌ಡಿಗೆ 0, 10, 30, 50, 70, 100 ಅಂತ ಶೇಕಡಾ ಲೆಕ್ಕ, ಪರಿಹಾರದ ಹಣ ಅದರ ಮೇಲೆ. ಕೆಲಸಕ್ಕೆ, ಜನರ ಜೊತೆಗಿನ ಒಡನಾಟಕ್ಕೆ ಎಷ್ಟು ಪೆಟ್ಟು ಬಿದ್ದಿದೆ ಅಂತ ನೋಡುತ್ತಾರೆ. ಹಾಗಾಗಿ "ತುಂಬಾ ಕಷ್ಟ" ಅಂದರೆ ಸಾಲದು. ಎಷ್ಟು ಕೆಲಸ ಬಿಟ್ಟ, ಮಗಳ ಹುಟ್ಟುಹಬ್ಬದ ನಡುವೆ ಯಾಕೆ ಎದ್ದು ಹೋದ, ಅಂಥವನ್ನು ಈಗಲೇ ಬರೆದಿಡಿ. ಚೆನ್ನಾಗಿದ್ದ ದಿನಗಳನ್ನು ಮುಚ್ಚಿಡಬೇಡಿ, ಆದರೆ ಕೆಟ್ಟ ದಿನ ವಾರಕ್ಕೆ ಎಷ್ಟು ಬರುತ್ತದೆ ಅನ್ನುವುದನ್ನೂ ಬಿಡಬೇಡಿ.

ಅದಕ್ಕೂ ಮೊದಲು, ಯಾವುದರ ಮೇಲೆ ಅಪೀಲ್ ಹಾಕಿದ್ದೀರೋ ಆ ತೀರ್ಮಾನದ ಪತ್ರ ಓದಿ. ತಕರಾರು ಇರುವುದು ಶೇಕಡಾದ ಮೇಲೋ, ಕಾಯಿಲೆ ಸೈನ್ಯದ ಸೇವೆಯಿಂದಲೇ ಬಂತೋ ಅನ್ನುವುದರ ಮೇಲೋ? ಎರಡನೆಯದಾದರೆ ಸುಮ್ನೆ ನಮ್ಮ ಮಾತು ನೆಚ್ಚಿಕೊಂಡರೆ ಆಗಲ್ಲ, ಡಾಕ್ಟರ್ ಅಭಿಪ್ರಾಯ ಬರಹದಲ್ಲಿ ಬೇಕು. ಹಿಯರಿಂಗ್ ಆದಮೇಲೂ 90 ದಿನ ದಾಖಲೆ ಕೊಡಲು ಅವಕಾಶ ಇದೆ. ಜೊತೆಗಿದ್ದ ಸೈನಿಕರು ತಾವು ಕಂಡದ್ದನ್ನು 21-10210 ಅನ್ನುವ ಸಾಕ್ಷಿ ಹೇಳಿಕೆಯ ಫಾರ್ಮ್‌ನಲ್ಲಿ ಬರೆದುಕೊಡಬಹುದು. ಮಾನ್ಯತೆ ಇರುವ ವೆಟರನ್ಸ್ ಸಂಘದ ಪ್ರತಿನಿಧಿಗಳು ದುಡ್ಡು ತೆಗೆದುಕೊಳ್ಳದೆ ಕೇಸ್ ನೋಡಿಕೊಡುತ್ತಾರೆ. ನಾವೂ ಹಾಗೇ ಮಾಡಿಸಿದ್ದು.

ಮನೆಯಲ್ಲಿ ಪ್ರಾಕ್ಟೀಸ್ ಅಂತ ಯುದ್ಧದ ಕಥೆ ಪದೇ ಪದೇ ಹೇಳಿಸಬೇಡಿ. ನಾನು ಹಾಗೆ ಮಾಡಿದೆ, ಎರಡು ರಾತ್ರಿ ಅವನು ಮಲಗಲಿಲ್ಲ. ಉಸಿರು ಕಟ್ಟಿದ ಹಾಗಾದರೆ ಬ್ರೇಕ್ ಕೇಳಬಹುದು ಅಂತ ಮೊದಲೇ ಹೇಳಿಡಿ. ಮನಸ್ಸು ತೀರಾ ಕೆಟ್ಟರೆ 988ಕ್ಕೆ ಫೋನ್ ಮಾಡಿ 1 ಒತ್ತಬೇಕು, ಅದು ಮಾಜಿ ಸೈನಿಕರ ಸಹಾಯವಾಣಿ, ಹಗಲು ರಾತ್ರಿ ಯಾವಾಗ ಬೇಕಾದರೂ. ಆ ನಂಬರ್ ನಿಮ್ಮ ಮೈದುನನ ಫೋನಿನಲ್ಲೂ ಇರಲಿ.

ಹಿಯರಿಂಗ್ ದಿನ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ತಮ್ಮ ಅವತ್ತು ಮಧ್ಯಾಹ್ನವೆಲ್ಲ ಕಾಂಪೋಸ್ಟ್ ತಿರುವಿ ಹಾಕುತ್ತಿದ್ದ. ನಾವ್ಯಾರೂ ಏನೂ ಕೇಳಲಿಲ್ಲ.