ಆರು ಗಂಟೆಯ ಎಣಿಕೆ

ಜೈಲಿನಲ್ಲಿ ಕೆಲಸ ಮಾಡುವವರು ಆಪ್ತಸಲಹೆಗೆ ತಾವಾಗಿ ಬರುವುದು ಕಡಿಮೆ. ಹೆಂಡತಿಯೋ ಅಕ್ಕನೋ ಕರೆತರುತ್ತಾರೆ. ಬಳ್ಳಾರಿಯಲ್ಲಿ ನನ್ನ ಮುಂದೆ ಕೂತ ಇಂಥವರಲ್ಲಿ ಇವರು ನಾಲ್ಕನೆಯವರು, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಕೊಪ್ಪಳ ಕಡೆಯವರು. ವೀಕ್ಷಕ ಹುದ್ದೆ, ಜನರ ಬಾಯಲ್ಲಿ ವಾರ್ಡರ್. ನಿದ್ದೆ ಇಲ್ಲ, ಸಿಟ್ಟು ಜಾಸ್ತಿ. ರಾಜೀನಾಮೆ ಪತ್ರ ಜೇಬಿನಲ್ಲೇ ಇತ್ತು. ಎರಡು ಭೇಟಿಯಲ್ಲೂ "ಏನಿಲ್ರಿ ಮೇಡಂ, ಡ್ಯೂಟಿ ಅಷ್ಟ" ಎಂದು ಮುಗಿಸಿದರು.

ಮೂರನೇ ಸಲ ಹೆಂಡತಿಯೂ ಜೊತೆಗೆ ಕೂತರು. "ರಜಾ ದಿನ ಸಂಜಿ ಆರು ಆತಂದ್ರ ಹುಡುಗ್ರನ್ನ ಒಳಗ ಕರದು ಎಣಸ್ತಾರ್ರಿ. ಇರೋರು ಇಬ್ಬರ" ಎಂದರು.

ಅವರು ತಲೆ ಎತ್ತಲಿಲ್ಲ. ಬಹಳ ಹೊತ್ತಾದ ಮೇಲೆ, "ಸಣ್ಣಾಂವ ನನ್ನ ಗಾಡಿ ಸಪ್ಪಳ ಕೇಳಿದ್ರ ಗ್ವಾಡಿಗೆ ಹತ್ತಿ ನೆಟ್ಟಗ ನಿಂದರ್ತಾನ್ರಿ. ನಾ ಕಲಿಸಿಲ್ಲ" ಎಂದು ಅತ್ತುಬಿಟ್ಟರು.

ಆಮೇಲೆ ಎಲ್ಲಾ ಹೊರಬಂತು. ವರ್ಷದ ಹಿಂದೆ ಒಂದು ಸಂಜೆ, ಬಂದಿಗಳನ್ನು ಎಣಿಸಿ ಬೀಗ ಹಾಕುವ ಹೊತ್ತಿಗೆ ಲೆಕ್ಕದಲ್ಲಿ ಒಬ್ಬ ಕಡಿಮೆ. ನಲವತ್ತು ನಿಮಿಷ ಹುಡುಕಿದರು. ಆ ಬಂದಿ ಜ್ವರ ಬಂದು ನೀರಿನ ತೊಟ್ಟಿಯ ಹಿಂದೆ ಮಲಗಿದ್ದ. ಅಂದಿನಿಂದ ಇವರ ಎಣಿಕೆ ನಿಂತಿಲ್ಲ. 2016ರ ಮಾದರಿ ಕಾರಾಗೃಹ ಕೈಪಿಡಿ ಆರು ಬಂದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ ಇರಬೇಕು ಎನ್ನುತ್ತದೆ. ಇವರು ಒಮ್ಮೊಮ್ಮೆ ಎಂಬತ್ತು ಜನರ ಮುಂದೆ ಒಬ್ಬರೇ ನಿಲ್ಲುತ್ತಿದ್ದರು.

ರಾಜೀನಾಮೆ ಈಗ ಬೇಡ, ಮೂರು ತಿಂಗಳು ಕಾಯಿರಿ ಎಂದೆ. ಇದಕ್ಕೆ ಗೆಳತಿಯೊಬ್ಬಳು ನನ್ನನ್ನು ಬೈದಳು. ಆದರೂ ನನ್ನ ಮಾತು ಅದೇ. ನಿದ್ದೆಗೆಟ್ಟ ತಲೆ ನೌಕರಿ ಬಿಡುವ ತೀರ್ಮಾನ ಮಾಡಬಾರದು. ಅಲ್ಲದೆ, ಎಚ್ಚರ ರೋಗವಲ್ಲ. ಆ ಕೆಲಸಕ್ಕೆ ಅದು ಬೇಕೇ ಬೇಕು. ಪಾಳಿ ಮುಗಿದಾಗ ಬೀಗದ ಕೈ ಒಪ್ಪಿಸಿ ಬರುತ್ತಾರೆ, ಎಚ್ಚರವನ್ನು ಮಾತ್ರ ಮನೆಗೆ ತರುತ್ತಾರೆ. ಖಾಕಿಯನ್ನು ಅಲ್ಲೇ ಕಳಚಿ, ಮುಖ ತೊಳೆದು, ಬೇರೆ ಬಟ್ಟೆಯಲ್ಲಿ ಮನೆಗೆ ಹೋಗಲು ಹೇಳಿದೆ. ರಜಾ ದಿನ ಆರಕ್ಕೆ ಮಕ್ಕಳ ಜೊತೆ ಬಯಲಿನಲ್ಲಿರಿ, ಎಣಿಸಬೇಕು ಅನ್ನಿಸಿದರೆ ಹತ್ತು ನಿಮಿಷ ತಡೆಯಿರಿ ಎಂದೆ. ನಿದ್ದೆಗಾಗಿ ಮನೋವೈದ್ಯರ ಹತ್ತಿರ ಕಳಿಸಿದೆ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಎಂದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈ ಹುದ್ದೆಗಾಗಿ ನಸುಕಿನಲ್ಲಿ ಮೈದಾನ ಸುತ್ತುವ ಹುಡುಗ ಹುಡುಗಿಯರಿಗೂ ಒಂದು ಮಾತು. ನೇಮಕಾತಿಯಲ್ಲಿ ಎತ್ತರ ಅಳೆಯುತ್ತಾರೆ, ಓಟ ನೋಡುತ್ತಾರೆ. ಒಳಗೆ ಹೋದ ಮೇಲೆ ಬೇಕಾಗುವುದು ಬೈಗುಳ ಕೇಳಿಯೂ ಕೈ ಎತ್ತದ ತಾಳ್ಮೆ. ನಮ್ಮ ದೇಶದ ಜೈಲುಗಳಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಮೂವರು ವಿಚಾರಣಾಧೀನರು, ಅಂದರೆ ತಪ್ಪಿತಸ್ಥರೆಂದು ಇನ್ನೂ ತೀರ್ಮಾನವಾಗದವರು. ದಿನವಿಡೀ ಅವರ ಭಯ, ಅಳು, ಸಿಟ್ಟು ನೋಡಬೇಕು. ನೋಡಿದ್ದನ್ನು ಹೇಳಿಕೊಳ್ಳಲು ಮನೆಯಲ್ಲಿ ಒಬ್ಬರಾದರೂ ಬೇಕು, ಅಲ್ವಾ?

ಎರಡು ತಿಂಗಳ ನಂತರ ಹೆಂಡತಿ ಫೋನ್ ಮಾಡಿದ್ದರು. "ನಿನ್ನೆ ಏಳರ ತನಕ ಹುಡುಗ್ರು ಹೊರಗ ಆಡಿದ್ರು ಮೇಡಂ. ಇವರು ಕಟ್ಟಿ ಮ್ಯಾಲ ಕುಂತಿದ್ರು. ಸಣ್ಣಾಂವ ಓಡಿ ಬಂದು ತೊಡಿ ಮ್ಯಾಲ ಬಿದ್ದ."